ಸ್ಲ್ಯಾಬು ಒಣಗಿದ ಮೂರು ದಿನ

“ಬರೂದಿದ್ರ ಯಾವಾಗ ಬರ್ತಿ, ಬಾಯಿ ಬಿಟ್ಟು ಹೇಳಬಾರದೇನು?”

ಸುಗಲಮ್ಮ ಇದನ್ನು ಯಾರನ್ನೂ ಕೇಳಿದ್ದಲ್ಲ. ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಮೂರನೇ ಮಾಳಿಗೆಯ ನೆತ್ತಿಯ ಮೇಲೆ, ಹೊಸ ಸ್ಲ್ಯಾಬಿನ ನಡುವೆ, ಕೈಯಲ್ಲಿ ಖಾಲಿ ಪೈಪು ಹಿಡಿದು ನಿಂತಿದ್ದಳು. ಕೂಕಟ್‌ಪಲ್ಲಿಯ ಆ ಗಲ್ಲಿಗೆ ಹೊತ್ತು ಮೂಡಿದಾಗಿನಿಂದ ಕರೆಂಟು ಇರಲಿಲ್ಲ. ಪೈಪಿನ ಬಾಯಿಂದ ಒಂದು ಹನಿ ಬಿತ್ತು. ಬಿದ್ದಲ್ಲೇ ಇಂಗಿಹೋಯಿತು.

ಸ್ಲ್ಯಾಬು ಹಾಕಿ ಅಂದಿಗೆ ಐದನೆಯ ದಿನ. ಹದಿನಾಲ್ಕು ದಿನ ಅದರ ಮೇಲೆ ನೀರು ನಿಂತಿರಬೇಕು. ಕಾಂಕ್ರೀಟು ಒಣಗಿ ಗಟ್ಟಿಯಾಗುವ ವಸ್ತು ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ, ಅದು ನೀರು ಕುಡಿದು ಗಟ್ಟಿಯಾಗುವುದು. ಹಸುಗೂಸಿನ ಹಾಗೆ, ಮೊದಲ ದಿನಗಳಲ್ಲಿ ಕುಡಿಯದಿದ್ದರೆ ಆಮೇಲೆ ಎಷ್ಟು ಕುಡಿಸಿದರೂ ಅಷ್ಟೇ. ಹನ್ನೊಂದು ವರ್ಷದ ಹಿಂದೆ ಯಾದಗಿರಿ ಕಡೆಯಿಂದ ಗಂಡ ಸಂಗಣ್ಣನ ಜೊತೆ ಹೈದರಾಬಾದಿಗೆ ಬಂದ ಸುಗಲಮ್ಮನಿಗೆ ಇದು ಐದನೆಯ ಕಟ್ಟಡ. ಸಂಗಣ್ಣನದು ಕಾವಲು, ಅವಳದು ನೀರು. ಕಟ್ಟಡ ಏಳುವವರೆಗೆ ಅದರ ಮೂಲೆಯ ತಗಡಿನ ಶೆಡ್ಡೇ ಮನೆ. ಅದು ಎದ್ದು ನಿಂತ ಮೇಲೆ ಮುಂದಿನ ಕಟ್ಟಡದ ಮೂಲೆ.

ಸಿಮೆಂಟಿನ ಸಣ್ಣ ಬದು ಹಾಕಿ ಅವಳು ಸ್ಲ್ಯಾಬನ್ನು ಹದಿನೆಂಟು ಮಡಿ ಮಾಡಿದ್ದಳು, ಊರಲ್ಲಿ ಉಳ್ಳಾಗಡ್ಡಿಗೆ ಮಾಡಿದ ಹಾಗೆ. ಕೆಳಗೆ ಕಬ್ಬಿಣದ ಸರಳು ಕತ್ತರಿಸುವ ಪರಮೇಶ ಅವಳದೇ ಊರಿನವನು. ಅವನಿಗೆ ಇದೊಂದು ತಮಾಷೆ.

“ಅಕ್ಕಾ, ಈ ಸಲ ಏನು ಹಚ್ಚೀ, ಉಳ್ಳಾಗಡ್ಡಿಯೋ ಮೆಣಸಿನಕಾಯಿಯೋ?”

“ನಿನ್ನ ಮಿಷಿನ್ ಮಕ್ಕೊಂಡೈತಿ, ನೀನೂ ಮಕ್ಕೋ ಹೋಗು.”

“ಮಕ್ಕೊಂಡು ಮಕ್ಕೊಂಡು ಬೆನ್ನು ನೋಯಾಕತ್ತೈತಿ ಅಕ್ಕಾ. ನಾಕು ಮಂದಿ ಊರಿಗೆ ಹೋದ್ರು. ಕೆಲಸಿಲ್ಲದ ಊರಾಗ ಮಕ್ಕೊಳ್ಳೂದಕ್ಕಿಂತ ಸ್ವಂತ ಊರಾಗ ಮಕ್ಕೋತೀವಿ ಅಂದ್ರು.”

ಹೊಸ ರಾಜ್ಯ ಹುಟ್ಟಿ ನಾಲ್ಕೈದು ತಿಂಗಳಾಗಿತ್ತು. ಆ ವರ್ಷ ಮಳೆಯೂ ಸರಿಯಾಗಿ ಬಂದಿರಲಿಲ್ಲ. ಯಾವ ಏರಿಯಾಕ್ಕೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಕರೆಂಟು ಇರುವುದಿಲ್ಲ ಎಂದು ಪೇಪರಿನಲ್ಲಿ ಬರುತ್ತಿತ್ತು. ಪೇಪರಿನಲ್ಲಿ ಬರದ ಹೊತ್ತಿನಲ್ಲೂ ಇರುತ್ತಿರಲಿಲ್ಲ. ಗಿರಣಿಯವನು ಹಿಟ್ಟಿನ ಡಬ್ಬಿಗಳ ಸಾಲಿನ ಮುಂದೆ ರಟ್ಟು ಬೀಸಿಕೊಳ್ಳುತ್ತ ಕೂತಿರುತ್ತಿದ್ದ. ಟೈಲರು ಮೋಟಾರು ಬಿಚ್ಚಿಟ್ಟು, ಕಾಲಿನಿಂದ ತುಳಿಯುವ ಹಳೆಯ ಪಟ್ಟಿ ಹಾಕಿಕೊಂಡಿದ್ದ. ಕಟ್ಟಡಕ್ಕೆಂದು ತಂದಿದ್ದ ಡೀಸೆಲ್ ಜನರೇಟರನ್ನು ಬಿಲ್ಡರು ಗಚ್ಚಿಬೌಲಿಯ ತನ್ನ ದೊಡ್ಡ ಸೈಟಿಗೆ ಎತ್ತಿಸಿಕೊಂಡು ಹೋಗಿದ್ದ. ನೀರಿನ ಟ್ಯಾಂಕರು ಕೇಳಿದರೆ, ಟ್ಯಾಂಕರು ತುಂಬುವ ಬೋರಿಗೂ ಕರೆಂಟೇ ಬೇಕಲ್ಲ ಎನ್ನುತ್ತಿದ್ದರು. ಮಗಳು ಗಂಗಾ ಪಟಾನ್‌ಚೆರುವಿನಲ್ಲೇ ಇದ್ದುಕೊಂಡು ಅಲ್ಲಿಯ ಮಾತ್ರೆ ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಹೋಗುತ್ತಿದ್ದಳು. ಅಲ್ಲಿ ಶುಕ್ರವಾರ ಪವರ್ ಹಾಲಿಡೇ, ದೇವರಿಗಲ್ಲದ ಹಬ್ಬ.

ಕರೆಂಟು ಎಷ್ಟು ಹೊತ್ತು ಇತ್ತು ಎಂಬುದಕ್ಕೆ ಸುಗಲಮ್ಮನ ಬಳಿ ಗಡಿಯಾರ ಇರಲಿಲ್ಲ. ಅವಳ ಬಳಿ ಪದಗಳಿದ್ದವು. ಊರ ಮಠದಲ್ಲಿ ಶ್ರಾವಣದ ತಿಂಗಳು ಪುರಾಣ ಓದಿಸುತ್ತಿದ್ದರು. ಅಪ್ಪನ ತೊಡೆಯ ಮೇಲೆ ಕೂತು ಕೇಳಿದವಳು, ಆಮೇಲೆ ಕಂಬಕ್ಕೆ ಒರಗಿ ಕೇಳಿದವಳು, ಮದುವೆಯಾದ ಮೇಲೂ ಕೇಳಿದವಳು. ಅಕ್ಷರ ಬಾರದು. ಆದರೆ ಆರು ಸಾಲಿನ ನೂರಾರು ಪದಗಳು, ಒಂದರ ಬಾಲಕ್ಕೆ ಒಂದು ಕಟ್ಟಿಕೊಂಡು, ಅವಳೊಳಗೆ ಇದ್ದವು. ಪೈಪು ಹಿಡಿದರೆ ತುಟಿ ತಾನೇ ಅಲುಗುತ್ತಿತ್ತು. ಒಂದು ಮಡಿ ತುಂಬಲು ಹನ್ನೊಂದು ಪದ ಬೇಕು. ಹದಿನೆಂಟು ಮಡಿಗೆ ನೂರ ತೊಂಬತ್ತೆಂಟು. “ನಿನ್ನೆ ಕರೆಂಟು ನೂರಾ ಇಪ್ಪತ್ತು ಪದ ಇತ್ತು ನೋಡ್ರಿ,” ಎಂದು ಅವಳು ಗಂಡನಿಗೆ ಹೇಳಿದರೆ ಅವನಿಗೆ ಸರಿಯಾಗಿ ಅರ್ಥವಾಗುತ್ತಿತ್ತು.

ಮೊದಲ ನಾಲ್ಕು ದಿನ ಅದು ಹೇಗೋ ಸಾಲುತ್ತ ಬಂದಿತ್ತು. ಐದನೆಯ ದಿನ ಒಂದು ಪದವೂ ಇಲ್ಲ.

ಮಧ್ಯಾಹ್ನ ಮಡಿಗಳ ತಳ ಬೆಳ್ಳಗಾಯಿತು. ಸಂಜೆಗೆ ಗಲ್ಲಿಯ ಮಕ್ಕಳು “ವಚ್ಚಿಂದೀ!” ಎಂದು, ಕರೆಂಟು ಬಂತೆಂದು ತೆಲುಗಿನಲ್ಲಿ ಕೂಗಿದವು. ಸಂಗಣ್ಣ ಓಡಿಹೋಗಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ. ಬೋರಿನ ಮೋಟಾರು ಹೂಂ ಎಂದಿತು, ತಿರುಗಲಿಲ್ಲ.

“ಎರಡು ಫೇಸ್ ಅಷ್ಟ ಬಂದೈತಿ,” ಎಂದ ಅವನು. “ಮೂರನೇದು ದಾರ್‍ಯಾಗ ಎಲ್ಲೋ ಚಾ ಕುಡಿಯಾಕತ್ತೈತಿ.”

“ಅಳಿಯ ಬಂದಂಗ ಬರ್ತೈತಿ ಇದು. ಬಂದ್ರ ಕಾಲಿಗೆ ನೀರು ಕೊಡಬೇಕು, ಹೋದ್ರ ಯಾಕ ಅಂತ ಕೇಳಂಗಿಲ್ಲ.” ಸುಗಲಮ್ಮ ಸೆರಗು ಬಿಗಿದಳು. “ನಾಳಿ ಬರಲಿ. ಬಿಡಂಗಿಲ್ಲ.”

ಮರುದಿನ ಆದದ್ದು ಅವರದೇ ತಪ್ಪು.

ಊರಿನಲ್ಲಿ ಹೊಲದ ಲೈನಿಗೆ ಕರೆಂಟು ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಎಲ್ಲರೂ ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿ, ಎದ್ದು ಬರದ ಹಾಗೆ ಒಂದು ಕಡ್ಡಿ ಸಿಕ್ಕಿಸಿ ಮನೆಗೆ ಹೋಗುತ್ತಾರೆ. ಕರೆಂಟು ಬಂದರೆ ಮೋಟಾರು ತಾನೇ ಏಳುತ್ತದೆ, ನೀರು ತಾನೇ ಕಾಲುವೆ ಹಿಡಿಯುತ್ತದೆ. ಹೊಲ ನೀರು ಕುಡಿದರೆ ಯಾರಿಗೆ ನಷ್ಟ? ಸಂಗಣ್ಣ ಅಪ್ಪನ ಕಾಲದಿಂದ ಮಾಡಿದ್ದನ್ನೇ ಆರನೆಯ ದಿನ ಬೆಳಿಗ್ಗೆ ಇಲ್ಲೂ ಮಾಡಿದ. ಬೇವಿನ ಕಡ್ಡಿ ಸಿಕ್ಕಿಸಿದ. ಇಬ್ಬರೂ ಕೊಡ ಎತ್ತಿಕೊಂಡು ಎರಡು ಗಲ್ಲಿ ಆಚೆಯ ನಳದ ಪಾಳಿಗೆ ಹೋದರು. ಕುಡಿಯುವ ನೀರು ಅಂದು ಬಿಟ್ಟರೆ ಮತ್ತೆರಡು ದಿನ ಇಲ್ಲ. ಪೈಪಿನ ತುದಿ ಮೇಲೆ ಮಡಿಯಲ್ಲೇ ಇದೆ ಎಂದು ಅವಳು ತಿಳಿದಿದ್ದಳು. ಪರಮೇಶ ಸರಳು ಎಳೆಯುವಾಗ ಅದನ್ನು ಕೆಳಗೆ ಇಳಿಸಿ, ನೆಲಮಾಳಿಗೆಯ ಮೆಟ್ಟಿಲ ಮೇಲೆ ಸುತ್ತಿಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ.

ನಳದ ಪಾಳಿಯಲ್ಲಿ ನಿಂತಿದ್ದಾಗಲೇ “ವಚ್ಚಿಂದೀ!” ಕೇಳಿಸಿತು. ಸುಗಲಮ್ಮ ನಕ್ಕಳು. ಮನಸ್ಸಿನಲ್ಲೇ ಪದ ಎಣಿಸತೊಡಗಿದಳು: ಈಗ ಮೊದಲ ಮಡಿ ತುಂಬಿತು, ಈಗ ಎರಡನೆಯದು ತುಳುಕಿತು.

ಅವರು ಮರಳುವಷ್ಟರಲ್ಲಿ ನೆಲಮಾಳಿಗೆಯಲ್ಲಿ ಮೊಣಕಾಲು ನೀರು. ಗೋಡೆಗೆ ಒಟ್ಟಿದ್ದ ಸಿಮೆಂಟಿನ ಚೀಲಗಳ ಕೆಳಗಿನ ಸಾಲುಗಳೆಲ್ಲ ಮುಳುಗಿದ್ದವು. ಸ್ಲ್ಯಾಬಿನ ಮೇಲೆ ಒಂದು ತೊಟ್ಟೂ ಇರಲಿಲ್ಲ. ಆ ಹೊತ್ತಿಗೆ ಕರೆಂಟೂ ಹೋಗಿತ್ತು.

ಸೈಟ್ ಇಂಜಿನಿಯರು ಗೋಪಿನಾಥ ಮಂಡ್ಯ ಕಡೆಯವನು, ಮೂವತ್ತು ದಾಟಿರದ ಆಸಾಮಿ. ಬಿಲ್ಡರು ಅವನ ತಲೆಯ ಮೇಲೆ ಎರಡು ಸೈಟು ಹೊರಿಸಿದ್ದ. ಹೆಲ್ಮೆಟ್ಟು ತೆಗೆಯದೆ ಮೆಟ್ಟಿಲ ಮೇಲೆ ನಿಂತು ನೀರನ್ನೇ ನೋಡಿದ.

“ಏನಪ್ಪಾ ಸಂಗಣ್ಣ, ಸಿಮೆಂಟಿಗೆ ಸ್ನಾನ ಮಾಡಿಸಿದೀಯಾ?”

“ಸಾಹೇಬ್ರ, ಊರಾಗ ಹಿಂಗ ಮಾಡತಿದ್ವಿ...”

“ಇದು ನಿಮ್ಮೂರ ಹೊಲ ಅಲ್ಲ ಕಣಯ್ಯ!”

ಅವನು ಸ್ಟಾರ್ಟರಿನ ಪೆಟ್ಟಿಗೆಗೆ ಬೀಗ ಹಾಕಿಸಿದ. ಕೀಲಿಯನ್ನು ತನ್ನ ಬೈಕಿನ ಕೀಲಿಯ ಗೊಂಚಲಿಗೆ ಸೇರಿಸಿಕೊಂಡ. ಇನ್ನು ಮೇಲೆ ತಾನು ಇದ್ದಾಗ ಮಾತ್ರ ಮೋಟಾರು ಎಂದ. ಸಿಮೆಂಟಿನ ಮಾತು ಇನ್ನೂ ಬಿಲ್ಡರಿಗೆ ಹೇಳಿಲ್ಲ, ಹೇಳಿದರೆ ನೀವು ಶೆಡ್ಡಿನಲ್ಲಿರುವುದಿಲ್ಲ ಎಂದ.

ಏಳನೆಯ ದಿನ ಮಧ್ಯಾಹ್ನ ಕರೆಂಟು ಬಂತು. ಮೂರೂ ಫೇಸು. ಗಿರಣಿ ಗುಡುಗಿತು, ಪರಮೇಶನ ಮಿಷಿನ್ನು ಕಿರುಚಿತು. ಸುಗಲಮ್ಮ ಬೀಗ ಹಾಕಿದ ಪೆಟ್ಟಿಗೆಯ ಮುಂದೆ ನಿಂತಳು. ಗೋಪಿನಾಥ ಗಚ್ಚಿಬೌಲಿಯಲ್ಲಿದ್ದ, ಫೋನು ಸ್ವಿಚ್ ಆಫ್. ಸಂಗಣ್ಣ ಮತ್ತೆ ಮತ್ತೆ ಹಚ್ಚಿದ.

“ಒಡಿಯೂಣೇನು?” ಎಂದಳು ಅವಳು.

“ನಿನಗ ಹುಚ್ಚು ಹಿಡದೈತೇನು? ನಿನ್ನೆ ಸಿಮೆಂಟು, ಇವತ್ತು ಬೀಗ?”

ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಪದ ಹೇಳಿದಳು. ತುಟಿಯಲ್ಲಿ ಅಲ್ಲ, ಬಾಯಿಬಿಟ್ಟು, ಬೀಗಕ್ಕೆ ಕೇಳುವ ಹಾಗೆ. ಇನ್ನೂರ ನಲವತ್ತು ಪದ ಇತ್ತು ಕರೆಂಟು. ಹದಿನೆಂಟೂ ಮಡಿ ತುಂಬಿ ಚೆಲ್ಲುವಷ್ಟು.

ಮರುದಿನ ಶುಕ್ರವಾರ. ಬಸ್ಸಿಳಿದು ಬಂದ ಗಂಗಾ ಅವ್ವನ ಮುಖ ನೋಡಿದಳು.

“ಯಾಕವ್ವಾ, ಅಪ್ಪ ಬೈದನೇನು?”

“ನಿಮ್ಮಪ್ಪ ಬೈದ್ರ ನಾ ಹಿಂಗ ಕುಂದರತಿದ್ನೇನು? ಸ್ಲ್ಯಾಬು ಮೂರು ದಿನದಿಂದ ಉಪಾಸ ಐತಿ.”

“ಮೋಟಾರಿಲ್ಲಂದ್ರ ಕೊಡ ಇಲ್ಲೇನು?” ಗಂಗಾ ಸೀರೆಯ ನಿರಿಗೆ ಎತ್ತಿ ಕಟ್ಟಿದಳು. “ಕಂಪನಿಯವರು ರಜೆ ಕೊಟ್ಟಾರ, ಕೈಗೆ ಕೊಟ್ಟಿಲ್ಲ.”

ನೆಲಮಾಳಿಗೆಯ ನೀರು ಇನ್ನೂ ಖಾಲಿಯಾಗಿರಲಿಲ್ಲ. ಅದನ್ನೇ ತುಂಬಿದರು. ಕೂಲಿಯ ಶೆಡ್ಡುಗಳಿಂದ ಮೂವರು ಹೆಂಗಸರು ಬಂದರು. ಕೆಲಸವಿಲ್ಲದೆ ಕೂತಿದ್ದ ಪರಮೇಶ ಮೊದಲು ನಕ್ಕ, ಆಮೇಲೆ ಎರಡು ಬಕೆಟ್ಟು ಎತ್ತಿಕೊಂಡ. ಮೆಟ್ಟಿಲುಗಳಿಗೆ ಇನ್ನೂ ಹಿಡಿಯಲು ಕಂಬಿ ಇರಲಿಲ್ಲ. ತಲೆಯ ಮೇಲೆ ಒಂದು, ಸೊಂಟದಲ್ಲಿ ಒಂದು. ಮುಂದಿನವರ ಕೊಡದಿಂದ ಚೆಲ್ಲಿದ ನೀರು ಹಿಂದಿನವರ ಪಾದಕ್ಕೆ. ಸುಗಲಮ್ಮ ಪದ ಎತ್ತಿಕೊಂಡಳು. ಏರುವಾಗ ಮೂರು ಸಾಲು, ಇಳಿಯುವಾಗ ಮೂರು ಸಾಲು. ಹತ್ತಿರದ ಮಹಡಿಯಿಂದ ಯಾರೋ ತೆಲುಗಿನಲ್ಲಿ, ಅಲ್ಲೇನು ಪೂಜೆಯಾ ಎಂದು ಕೇಳಿದರು. ಹೌದು ಅಂತ ಹೇಳು ಎಂದಳು ಸುಗಲಮ್ಮ ಗಂಗಾಳಿಗೆ.

ಹೊತ್ತು ಇಳಿಯುವವರೆಗೆ ಹೊತ್ತರು. ತುಂಬಿದ್ದು ಏಳು ಮಡಿ. ಎಂಟನೆಯದಕ್ಕೆ ಸುರಿಯುವ ಮೊದಲು ಧೂಳು ಗುಡಿಸಲು ಬಗ್ಗಿದಾಗ ಸುಗಲಮ್ಮನ ಪದ ನಿಂತಿತು. ಕೂದಲೆಳೆಯಂಥ ಒಂದು ಬಿರುಕು ಮಡಿಯ ಮೂಲೆಯಿಂದ ಹೊರಟು, ಬದುವಿನ ಕೆಳಗೆ ನುಸುಳಿ, ಪಕ್ಕದ ಮಡಿಗೆ ಹೋಗಿತ್ತು. ಅದರ ಆಚೆ ಇನ್ನೊಂದು.

ಅವರ ಕಡೆ ಮನೆಯ ಗೋಡೆ ಬಾಯಿ ಬಿಟ್ಟರೆ ಬಿರುಕಿನ ಎರಡೂ ತುದಿಗೆ ಗುರುತು ಹಾಕುತ್ತಾರೆ, ಬೆಳೆಯುತ್ತದೋ ನಿಲ್ಲುತ್ತದೋ ನೋಡಲು. ಅವಳು ಒಲೆಯಿಂದ ಇದ್ದಿಲು ತರಿಸಿ ಗೆರೆ ಎಳೆದಳು.

ಗೋಪಿನಾಥ ಒಂಬತ್ತನೆಯ ದಿನ ಬಂದ. ಫೋನಿನಲ್ಲಿ ಚಾರ್ಜು ಇರಲಿಲ್ಲ ಎಂದ. ರೂಮಿನಲ್ಲೂ ಕರೆಂಟಿಲ್ಲ, ಆ ಸೈಟಿನ ಜನರೇಟರೂ ಕೆಟ್ಟಿತ್ತು, ನಾನೇನು ಮಾಡಲಿ ಎಂದ. ಸುಳ್ಳು ಹೇಳುವವನ ಮುಖವಾಗಿರಲಿಲ್ಲ ಅದು. ಇದ್ದಿಲಿನ ಗೆರೆಗಳ ಬಳಿ ಕುಕ್ಕರಗಾಲಲ್ಲಿ ಕೂತ. ಒಂದು ಗೆರೆಯನ್ನು ಬೆರಳಿಂದ ಮುಟ್ಟಿದ. ಬಿರುಕು ಗೆರೆಯನ್ನು ದಾಟಿ ಗೇಣುದ್ದ ಮುಂದೆ ಹೋಗಿತ್ತು.

“ಇದಕ್ಕ ಏನು ಮಾಡತಾರ ಸಾಹೇಬ್ರ?” ಎಂದಳು.

“ಪರೀಕ್ಷೆ ಮಾಡಿಸ್ಬೇಕು. ತೂತು ಕೊರೆದು ಒಂದು ತುಂಡು ತೆಗೆದು ಲ್ಯಾಬಿಗೆ ಕಳಿಸ್ತಾರೆ. ಗಟ್ಟಿ ಇದ್ರೆ ಸರಿ.”

“ಇಲ್ಲಂದ್ರ?”

ಅವನು ಎದ್ದು ಕೆಳಗಿಳಿದ. ಬೀಗ ತೆಗೆದ, ಮೋಟಾರು ಹಚ್ಚಿಸಿದ. ಮೇಸ್ತ್ರಿಯನ್ನು ಕರೆದು ಬಿರುಕುಗಳ ಮೇಲೆ ಸಿಮೆಂಟಿನ ಹಾಲು ಬಳಿಸಿದ. ಇದ್ದಿಲ ಗೆರೆಗಳೂ ಅದರ ಕೆಳಗೆ ಹೋದವು. ಅಂದಿನಿಂದ ಹದಿನಾಲ್ಕರವರೆಗೆ ಕೀಲಿ ಸಂಗಣ್ಣನ ಬಳಿಯೇ ಇತ್ತು. ಕರೆಂಟು ಬಂದಾಗಲೆಲ್ಲ ನೀರು ನಿಂತಿತು, ಸುಗಲಮ್ಮನ ಪದಗಳೂ ನಡೆದವು. ಆದರೆ ಅವಳು ಪ್ರತಿದಿನ ಎಂಟನೆಯ ಮಡಿಯ ಹತ್ತಿರ ಬಂದಾಗ ಸುಮ್ಮನಾಗುತ್ತಿದ್ದಳು.

ಹತ್ತನೆಯ ದಿನ ಭಾನುವಾರ ಸತ್ಯಭಾಮಾ ಟೀಚರು ಬಂದರು. ಉಡುಪಿ ಕಡೆಯವರು, ಇಲ್ಲಿಯ ಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮೂರನೇ ಮಾಳಿಗೆಯ ಮೂಲೆಯ ಮನೆ ಅವರದು. ಪ್ರತಿ ಭಾನುವಾರ ಚೀಲದಲ್ಲಿ ಅಳತೆಯ ಟೇಪು ತಂದು, ಇಟ್ಟಿಗೆಯ ಗೋಡೆಗಳ ನಡುವೆ ಮಂಚ ಇಡುತ್ತಿದ್ದರು, ಕಪಾಟು ಇಡುತ್ತಿದ್ದರು, ದೇವರನ್ನು ಇಡುತ್ತಿದ್ದರು. ಹಿಂದಿನ ಭಾನುವಾರ ಸ್ಲ್ಯಾಬಿನ ಮೇಲಕ್ಕೂ ಹತ್ತಿ, ನೀರಲ್ಲಿ ತಮ್ಮ ನೆರಳು ನೋಡಿ ಹಿಗ್ಗಿದ್ದರು. “ನೀರು ಸರಿಯಾಗಿ ಹಾಕು ಮಾರಾಯ್ತಿ. ನನ್ನ ತಲೆ ಮೇಲೆ ಇರುವುದಲ್ವ ಇದು!”

ಈ ಸಲ ಅವರು ನೀರಿನ ಕೆಳಗೆ ನೋಡಿದರು.

“ಇಲ್ಲೇನೋ ಹೊಸದಾಗಿ ಬಳಿದ ಹಾಗೆ ಉಂಟಲ್ಲ?”

ಗೋಪಿನಾಥ ಪಕ್ಕದಲ್ಲೇ ಇದ್ದ. “ಅದು ಮಾಮೂಲು ಮೇಡಂ,” ಎಂದ.

ಟೀಚರು ಸುಗಲಮ್ಮನ ಮುಖ ನೋಡಿದರು. ಸುಗಲಮ್ಮ ಪೈಪಿನ ತುದಿ ನೋಡಿದಳು. ಟೀಚರು ಹೋಗುವಾಗ ಡಬ್ಬಿಯಲ್ಲಿ ತಂದಿದ್ದ ಅವಲಕ್ಕಿಯನ್ನು ಅವಳ ಕೈಗಿತ್ತು ಹೋದರು. ಅದನ್ನು ಅವಳು ತಿನ್ನಲಿಲ್ಲ. ಸಂಗಣ್ಣ ತಿಂದ.

“ಯಾಕ, ಉಪ್ಪು ಹೆಚ್ಚಾಗೇತೇನು?” ಎಂದು ಕೇಳಿದ.

“ಟೀಚರ ಮುಂದ ನಾ ಯಾಕ ಬಾಯಿ ಬಿಡಲಿಲ್ಲರಿ?”

“ಬಿಟ್ಟಿದ್ರ ಏನಾಗತಿತ್ತು? ಶೆಡ್ ಬಿಡಬೇಕಾಗತಿತ್ತು.”

ಹದಿನಾಲ್ಕನೆಯ ದಿನ ಬೆಳಿಗ್ಗೆ ಗೋಪಿನಾಥ ಒಂದು ಉದ್ದನೆಯ ಪುಸ್ತಕ ಮತ್ತು ನೀಲಿ ಶಾಯಿಯ ಡಬ್ಬಿ ಹಿಡಿದುಕೊಂಡು ಶೆಡ್ಡಿಗೇ ಬಂದ. ಎಂದೂ ಶೆಡ್ಡಿನೊಳಗೆ ಬಂದವನಲ್ಲ. ಸಂಗಣ್ಣ ಗೋಣಿ ಹಾಸಿದ, ಅವನು ಕೂತ. ಮಧ್ಯಾಹ್ನ ಸಾಲ ಕೊಟ್ಟ ಬ್ಯಾಂಕಿನ ಕಡೆಯ ಇಂಜಿನಿಯರು ಬರುತ್ತಾರೆ, ಸ್ಲ್ಯಾಬಿಗೆ ದಿನಾ ನೀರು ಹಾಕಿದ ರಿಜಿಸ್ಟರು ಕೇಳುತ್ತಾರೆ ಎಂದ. ಮೊದಲ ನಾಲ್ಕು ದಿನ ಅವಳು ಹೆಬ್ಬೆಟ್ಟು ಒತ್ತಿದ್ದಳು. ಅಲ್ಲಿಂದ ಮುಂದೆ ಖಾಲಿ ಇತ್ತು; ಈಗ ಅವನು ತುಂಬಿಕೊಂಡು ಬಂದಿದ್ದ. ಹತ್ತು ಹೆಬ್ಬೆಟ್ಟು ಬೇಕು.

“ಏನು ಬರದೀರಿ, ಓದ್ರಿ. ಕೇಳತೀನಿ,” ಎಂದಳು ಸುಗಲಮ್ಮ.

“ಏನಿಲ್ಲಮ್ಮ, ಮಾಮೂಲಿದ್ದೇ.”

“ಓದ್ರಿ.”

ಅವನು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿದ. “ಒಂದನೇ ದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನೀರು ಪೂರ್ತಿ. ಎರಡನೇ ದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನೀರು ಪೂರ್ತಿ. ಮೂರನೇ ದಿನ...”

ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು, ಮಠದ ಕಂಬಕ್ಕೆ ಒರಗಿದಾಗಿನ ಹಾಗೆಯೇ.

“ಐದನೇ ದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ...”

“ನಿಲ್ಲಸ್ರಿ.”

ಗೋಪಿನಾಥ ತಲೆಯೆತ್ತಿದ. ಸುಗಲಮ್ಮನ ಊರಿನ ಮಠದಲ್ಲಿ ಪುರಾಣ ಓದುವವರು ಒಂದು ಸಾಲು ತಪ್ಪಿದರೆ ಕೇಳುತ್ತ ಕೂತವರಲ್ಲಿ ಯಾರು ಬೇಕಾದರೂ ಹೀಗೆ ಅನ್ನಬಹುದಿತ್ತು. ಅಕ್ಷರ ಬಾರದವರೂ ಅನ್ನಬಹುದಿತ್ತು. ಓದುವವರು ಎಷ್ಟೇ ದೊಡ್ಡವರಿರಲಿ, ಹಿಂದಕ್ಕೆ ಹೋಗಿ ತಪ್ಪಿದ ಸಾಲಿನಿಂದ ಮತ್ತೆ ಓದಬೇಕು. ಮಂಡ್ಯದ ಗೋಪಿನಾಥನಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದ ಸಂಗಣ್ಣ ನೆಲ ನೋಡಿದ.

“ಐದನೇ ದಿನ ಒಂದು ಪದದಷ್ಟು ಕರೆಂಟೂ ಇರಲಿಲ್ಲ. ಆರನೇ ದಿನದ ನೀರೆಲ್ಲ ನೆಲಮಾಳಿಗಿ ಕುಡೀತು. ಏಳನೇ ದಿನ ಕರೆಂಟಿತ್ತು, ಕೀಲಿ ನಿಮ್ಮ ಕಿಸೆದಾಗಿತ್ತು. ಎಂಟನೇ ದಿನ ಹದಿನೆಂಟರಾಗ ಏಳು ಮಡಿ, ಅದೂ ತಲಿ ಮ್ಯಾಲೆ ಹೊತ್ತು. ಹಂಗ ಬರೀರಿ. ನಾ ಈಗಿಂದೀಗ ಬೆಟ್ಟು ಒತ್ತತೀನಿ.”

“ಕರೆಂಟ್ ಇರಲಿಲ್ಲ ಅಂತ ಬರೆಯೋಕೆ ಇದರಲ್ಲಿ ಕಾಲಮ್ಮೇ ಇಲ್ಲಮ್ಮ.”

“ಗೆರಿ ಎಳೀರಿ. ಒಂದು ಹೊಸಾ ಕಾಲಮ್ ಆಕ್ಕೈತಿ.”

ಗೋಪಿನಾಥನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. “ನೀನು ಯಾವ ಊರಲ್ಲಿದೀಯಮ್ಮ? ಈ ಊರಲ್ಲಿ ಯಾರು ಬರೀತಿದಾರೆ ಹಾಗೆ? ನಿನ್ನ ಮಗಳ ಫ್ಯಾಕ್ಟರೀನೇ ಕೇಳು.”

ಕೇಳಬೇಕಾಗಿರಲಿಲ್ಲ. ಗಂಗಾ ಹೇಳಿದ್ದಳು: ಶುಕ್ರವಾರದ ಹಾಳೆಯಲ್ಲಿ ಯಂತ್ರಗಳ ರಿಪೇರಿ ಎಂದು ಬರೆಯುತ್ತಾರೆ, ಕೆಟ್ಟಿರದ ಯಂತ್ರಗಳ ರಿಪೇರಿ. ಜನರ ಬೆವರು, ಕೆಲಸವಿಲ್ಲದೆ ಊರಿಗೆ ಹೋದ ನಾಲ್ವರು, ಗಿರಣಿಯ ಮುಂದೆ ಹಿಟ್ಟಾಗದೆ ಕೂತ ಜೋಳ, ಈ ಕತ್ತಲೆಯ ಒಂದು ಗಳಿಗೆಯೂ ಯಾವ ಪುಸ್ತಕದಲ್ಲೂ ಇರಲಿಲ್ಲ. ಪುಸ್ತಕಗಳಲ್ಲಿ ಎಲ್ಲ ದಿನವೂ ಕರೆಂಟಿತ್ತು.

“ಎಲ್ಲಾರೂ ಇತ್ತು ಇತ್ತು ಅಂತ ಬರದ್ರ,” ಎಂದಳು ಸುಗಲಮ್ಮ, “ಕೊಡಬೇಕಾದವರು ಯಾಕ ಕೊಟ್ಟಾರು? ಇರಲಿಲ್ಲ ಅಂತ ಯಾರಾರ ಒಬ್ಬರು ಬರೀಬೇಕಲ್ರಿ.”

“ಆ ಒಬ್ಬಳು ನೀನೇ ಆಗ್ಬೇಕಾ?”

“ಬೆಟ್ಟು ನಂದ ಕೇಳಾಕ ಬಂದೀರಲ್ಲ?”

ಸಂಗಣ್ಣ ಮುಂದೆ ಸರಿದ. “ಸಾಹೇಬ್ರ, ನಂದು ತಗೋರಿ. ಬೆಟ್ಟಿಗೇನು, ಗಂಡ-ಹೆಂಡತಿ ಒಂದ.”

ಗೋಪಿನಾಥ ಪುಸ್ತಕವನ್ನು ಅವನ ಕಡೆ ತಿರುಗಿಸಿದ. ಮೊದಲ ನಾಲ್ಕು ಗುರುತುಗಳು ಸಣ್ಣವು, ನಡುವೆ ಸುಟ್ಟ ಕಲೆಯ ಒಂದು ಬಿಳಿ ಚುಕ್ಕೆ ಇತ್ತು. ಸಂಗಣ್ಣ ತನ್ನ ಅಗಲವಾದ ಹೆಬ್ಬೆರಳು ನೋಡಿಕೊಂಡು ಹಿಂದಕ್ಕೆ ಸರಿದ.

“ನೋಡಮ್ಮ,” ಎಂದ ಗೋಪಿನಾಥ. ದನಿ ತಗ್ಗಿತ್ತು. “ಸಿಮೆಂಟಿನ ವಿಷಯ ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೇಳೋದೂ ಇಲ್ಲ. ಮಳೆಗೆ ತೊಯ್ದೋಯ್ತು ಅಂತ ಬರ್ಕೋತೀನಿ. ಈ ಶೆಡ್ಡು ಇರುತ್ತೆ, ಮುಂದಿನ ಸೈಟಿಗೂ ನೀವೇ.”

“ಎಲ್ಲಿ ಮಳಿ ಬಂದೈತ್ರಿ ಈ ವರ್ಷ?”

ಸಂಗಣ್ಣ ಬೇಡವೆಂದು ಕೈ ಸನ್ನೆ ಮಾಡಿದ. ಅವಳು ನೋಡಿದಳು, ನೋಡದವಳಂತೆ ಮುಂದುವರಿಸಿದಳು.

“ಸಿಮೆಂಟು ತೊಯ್ದದ್ದು ನಮ್ಮ ತಪ್ಪು. ಕಡ್ಡಿ ಸಿಗಿಸಿದವರು ನಾವು. ಅದನ್ನೂ ಬರೀರಿ, ಮೊದಲ ಅದಕ್ಕ ಬೆಟ್ಟು ಒತ್ತತೀನಿ. ಶೆಡ್ ಬಿಡು ಅಂದ್ರ ಬಿಡತೀವಿ. ಹನ್ನೊಂದು ವರ್ಷದಾಗ ನಾಕು ಶೆಡ್ ಬಿಟ್ಟೀವಿ.”

“ಏ ಗಂಗಾನ ಅವ್ವಾ,” ಎಂದ ಸಂಗಣ್ಣ. “ಎಲ್ಲಿಗೆ ಹೋಗೂಣು? ಈ ಊರಾಗ ಈಗ ಎಲ್ಲಿ ಕೆಲಸ ನಡದೈತಿ?”

ಅದು ನಿಜವಾದ ಪ್ರಶ್ನೆ. ಕರೆಂಟಿಲ್ಲದೆ ಅರ್ಧ ಊರು ನಿಂತಿತ್ತು. ಮೂಲೆ ಕೊಡುವ ಇನ್ನೊಂದು ಕಟ್ಟಡ ಎಲ್ಲಿಯೂ ಏಳುತ್ತಿರಲಿಲ್ಲ. ತಗಡಿನ ಸಂದಿಯಿಂದ ಬಿಸಿಲಿನ ಒಂದು ಗೆರೆ ಬಂದು ತೆರೆದ ಪುಸ್ತಕದ ಮೇಲೆ ಬಿದ್ದಿತ್ತು.

“ಎಲ್ಲಿಗಂತ ನನಗೂ ಗೊತ್ತಿಲ್ಲರಿ,” ಎಂದಳು ಗಂಡನಿಗೆ, ಮೆತ್ತಗೆ. ಆಮೇಲೆ ಇಂಜಿನಿಯರನ ಕಡೆ ತಿರುಗಿದಳು. “ಆ ಟೀಚರು ಅದರ ಕೆಳಗ ಮಂಚ ಹಾಕತಾರ ಸಾಹೇಬ್ರ. ಭಾನುವಾರ ಟೇಪ್ ಹಿಡದು ಅಳದು ಹೋಗ್ಯಾರ. ಅವತ್ತು ಅವರು ನನ್ನ ಮಾರಿ ನೋಡಿದ್ರು, ನಾ ಮಾತಾಡಲಿಲ್ಲ. ಅದೊಂದು ಸಾಕು. ನೀವು ಅವತ್ತು ಹೇಳಿದ್ರಲ್ಲ, ತೂತು ಕೊರದು ತುಂಡು ತಗದು ನೋಡತಾರಂತ, ಅದನ್ನ ಮಾಡಸ್ರಿ. ಈ ಮೂರು ದಿನ ಒಣಗಿದ್ದು ಪುಸ್ತಕದಾಗಿದ್ರ ಬ್ಯಾಂಕಿನವರ ಮಾಡಸತಾರ. ಇರಲಿಲ್ಲಂದ್ರ ಯಾರೂ ಮಾಡಸಂಗಿಲ್ಲ.”

ಗೋಪಿನಾಥ ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಪಟ್ಟಿಯನ್ನು ಹಾಕುತ್ತಿದ್ದ, ಬಿಚ್ಚುತ್ತಿದ್ದ. ಮಾತಾಡಿದಾಗ, ಅವಳನ್ನು ಮೊದಲ ಸಲ ಬಹುವಚನದಲ್ಲಿ ಕರೆದ.

“ಸುಗಲಮ್ಮೋರೇ, ನೀವು ಹೇಳೋದೆಲ್ಲ ಸರಿ. ನನಗೂ ಗೊತ್ತು. ಆದ್ರೆ ಈ ಪುಸ್ತಕ ಹೀಗೇ ಹೋದ್ರೆ ಮೊದಲು ಹೋಗೋದು ನನ್ನ ಕೆಲಸ. ಬಿಲ್ಡರ್ ಕರೆಂಟನ್ನ ಕೇಳಲ್ಲ, ನನ್ನ ಕೇಳ್ತಾನೆ. ಊರಲ್ಲಿ ಅಕ್ಕನ ಮದುವೆ ನನ್ನ ಸಂಬಳದ ಮೇಲೆ ನಿಂತಿದೆ. ನಾನು ನಿಮ್ಮ ಮಗನ ವಯಸ್ಸಿನೋನು. ಕೈ ಮುಗಿದು ಕೇಳ್ತೀನಿ. ಇದೊಂದು ಸಲ, ಹತ್ತು ಗುರುತು ಒತ್ತಿಬಿಡಿ.”

ಅವನು ನಿಜವಾಗಿಯೂ ಕೈ ಮುಗಿದಿದ್ದ. ಶಾಯಿಯ ಡಬ್ಬಿಯ ಮುಚ್ಚಳ ತೆಗೆದಿತ್ತು.

ಸುಗಲಮ್ಮ ಆ ಮುಗಿದ ಕೈಗಳನ್ನು ತನ್ನ ಎರಡು ಕೈಯಲ್ಲಿ ಹಿಡಿದು, ಮೆಲ್ಲಗೆ ಬಿಡಿಸಿ, ಅವನ ತೊಡೆಯ ಮೇಲೆ ಇಟ್ಟಳು.

“ಒತ್ತಂಗಿಲ್ಲಪ್ಪಾ,” ಎಂದಳು.